ಉದಯೋನ್ಮುಖರಿಗೆ ಸಂಬಳ ಕೊಡೋರು ಯಾರು?

‘ಉದಯೋನ್ಮುಖ’ ಅನ್ನೋ ಪದಕ್ಕೆ ಕನ್ನಡದ ಆಮಂತ್ರಣ ಪತ್ರಿಕೆಗಳಲ್ಲಿ ಇರುವಷ್ಟು ಆಯಸ್ಸು ಬೇರೆಲ್ಲೂ ಇಲ್ಲ. ಒಂದ್ಸಲ ಹೆಸರಿನ ಹಿಂದೆ ಅಂಟಿಕೊಂಡರೆ ತಲೆಗೂದಲು ನರೆಯೋವರೆಗೂ ಬಿಡಲ್ಲ. ಅದರ ನಿಜವಾದ ಅರ್ಥ ಗೊತ್ತಾಗಬೇಕಾದ್ರೆ ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ ನಿಲ್ಲಬೇಕು. ಹಿರಿಯ ಕಲಾವಿದರಿಗೆ ಕವರ್ ಕೊಡ್ತಾರೆ. ಉದಯೋನ್ಮುಖರಿಗೆ ಶಾಲು, ಒಂದು ಸ್ಮರಣಿಕೆ, ಜೊತೆಗೆ ‘ಒಳ್ಳೇ ವೇದಿಕೆ ಸಿಕ್ತಲ್ಲಪ್ಪಾ’ ಅನ್ನೋ ಮಾತು. ಅಂದ್ರೆ ದುಡ್ಡು ಕೇಳಬಾರದ ವಯಸ್ಸಿನಲ್ಲಿರುವವನೇ ಉದಯೋನ್ಮುಖ.

ಈ ಸ್ಥಿತಿ ಸರಿಯಿಲ್ಲ ಅಂತ ಗೊತ್ತಿರೋ ಒಳ್ಳೆಯ ಜನ ಟ್ರಸ್ಟು, ಪ್ರತಿಷ್ಠಾನ, ಫೌಂಡೇಶನ್ ಕಟ್ಟಿಕೊಂಡು ನೆರವು ಕೊಡ್ತಿದ್ದಾರೆ. ಇಂಥ ನೆರವಿನ ಬಗ್ಗೆ ನಮ್ಮಲ್ಲಿ ಬರೋ ಬರಹಗಳು ಎರಡೇ ಥರ. ಒಂದು ಧನ್ಯವಾದ, ಇನ್ನೊಂದು ‘ಅದೆಲ್ಲಾ ಅವರವರಿಗೇ’ ಅನ್ನೋ ಗೊಣಗಾಟ. ಒಂದು ನಾಟಕ ನೋಡಿ ಬಂದು ಮೊದಲರ್ಧ ಬಿಗಿಯಾಗಿತ್ತು, ಎರಡನೇ ಅರ್ಧ ಜಾಳಾಯ್ತು ಅಂತ ಬರೀತೀವಲ್ಲ, ಹಾಗೆ ಈ ನೆರವಿನ ಕ್ರಮಗಳನ್ನೂ ಯಾಕೆ ವಿಮರ್ಶೆ ಮಾಡಬಾರದು? ಯಾವ ನಾಟಕ ಹುಟ್ಟುತ್ತೆ, ಯಾವುದು ಹುಟ್ಟಲ್ಲ ಅನ್ನೋದು ಅರ್ಧಕ್ಕರ್ಧ ಅಲ್ಲೇ ತೀರ್ಮಾನ ಆಗಿರುತ್ತೆ.

ಬೆಂಗಳೂರಿನಲ್ಲೇ ಇರೋ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಿಂದ ಶುರು ಮಾಡೋಣ. ಐಎಫ್ಎ ಅಂತಾರೆ. 1993ರಲ್ಲಿ ಸ್ಥಾಪನೆಯಾಗಿ 1995ರಿಂದ ಅನುದಾನ ಕೊಡ್ತಾ ಬಂದಿದೆ. ಅನ್ಮೋಲ್ ವೆಲ್ಲಾನಿ ಅದರ ಮೊದಲ ನಿರ್ದೇಶಕರು. ಇದರಿಂದ ಶುರು ಮಾಡೋದು ಅದು ಕೆಟ್ಟದಾಗಿದೆ ಅಂತಲ್ಲ, ಈ ಬಗೆಯ ಸಂಸ್ಥೆಗಳಲ್ಲಿ ನನಗೆ ಗೊತ್ತಿರೋ ಮಟ್ಟಿಗೆ ಒಳ್ಳೇದು ಅಂತ. ಅರ್ಜಿಯನ್ನ ಇಂಗ್ಲಿಷಿನಲ್ಲೇ ಬರೀಬೇಕಂತಿಲ್ಲ, ಭಾರತದ ಯಾವ ಭಾಷೆಯಲ್ಲಾದರೂ ಬರೀಬಹುದು. ಮಾರುಕಟ್ಟೆ ಮೂಸಿ ನೋಡದ ಸಂಶೋಧನೆಗೆ, ಪ್ರಯೋಗಕ್ಕೆ ದುಡ್ಡು ಕೊಡ್ತಾರೆ. ‘ಕಲಿ-ಕಲಿಸು’ ಅಂತ ಅಚ್ಚಗನ್ನಡದ ಹೆಸರಿಟ್ಟು ಕರ್ನಾಟಕದ ಸರ್ಕಾರಿ ಶಾಲೆಯ ಮೇಷ್ಟ್ರುಗಳ ಜೊತೆ, ಕಲಾವಿದರ ಜೊತೆ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಪಿನ್‌ಕೋಡ್ ಹಿಡಿದು ‘ಪ್ರಾಜೆಕ್ಟ್ 560’ ಅಂತ ಊರಿನ ಮೂಲೆಮೂಲೆ ಹುಡುಕಿಸಿದ್ದಾರೆ. ಕೊಟ್ಟವರು ಸ್ಟೇಜ್ ಮೇಲೆ ಹತ್ತಿ ಕೂತು ಭಾಷಣ ಮಾಡಲ್ಲ. ಇದು ಸಣ್ಣ ಗುಣ ಅಲ್ಲ.

ಆದ್ರೂ ಅಲ್ಲಿ ಸಿಗೋದು ಪ್ರಾಜೆಕ್ಟಿಗೆ ದುಡ್ಡು. ವರ್ಷವೋ, ಒಂದೂವರೆ ವರ್ಷವೋ ಒಂದು ಕೆಲಸ, ಅದಕ್ಕೊಂದು ಬಜೆಟ್ಟು, ಕೊನೆಗೊಂದು ಪ್ರಸ್ತುತಿ. ಇಡೀ ದೇಶದಲ್ಲಿ ಕಲೆಗೆ ಅನುದಾನ ಕೊಡೋ ಬಹುತೇಕ ಸಂಸ್ಥೆಗಳ ಕ್ರಮ ಇದೇ. ನಾವು ಐಟಿಯವರಿಗೆ ಇದು ಎಷ್ಟು ಸಹಜ ಅಂದ್ರೆ ಇದರಲ್ಲಿ ತೊಂದರೆ ಏನು ಅಂತಲೇ ಹೊಳೆಯಲ್ಲ. ನಾವು ಬದುಕೋದೂ ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ತಾನೇ? ಆದ್ರೆ ಒಂದು ವ್ಯತ್ಯಾಸ ಇದೆ. ನನ್ನ ಪ್ರಾಜೆಕ್ಟ್ ಮುಗಿದ ತಿಂಗಳೂ ನನಗೆ ಸಂಬಳ ಬರುತ್ತೆ. ಬೆಂಚ್ ಮೇಲಿದ್ದರೂ ಬರುತ್ತೆ, ಒಂದಷ್ಟು ಕಾಲವಾದರೂ. ಪ್ರಾಜೆಕ್ಟ್ ನನ್ನದಲ್ಲ, ಕಂಪನಿದು. ಕಲಾವಿದನಿಗೆ ಪ್ರಾಜೆಕ್ಟ್ ಮಾತ್ರ ಇದೆ, ಕಂಪನಿ ಇಲ್ಲ.

ಇದು ಸರಿಯಾಗಿ ಅರ್ಥ ಆಗಿದ್ದು ಒಂದು ಅರ್ಜಿ ತುಂಬುವಾಗ. ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಓದಿದ ಗೆಳೆಯನೊಬ್ಬ ಬಯಲಾಟದ ಮೇಳದಲ್ಲಿ ಮದ್ದಳೆ ನುಡಿಸ್ತಾನೆ. ವಯಸ್ಸು ಮೂವತ್ತು ದಾಟಿದ್ರೂ ಮೇಳದ ಲೆಕ್ಕದಲ್ಲಿ ಹುಡುಗನೇ. ರಾತ್ರಿಯ ಮೊದಲ ಪಾಲು ಅವನದು, ಜನ ಇನ್ನೂ ಚಾಪೆ ಹಾಸಿಕೊಳ್ತಾ ಇರೋ ಹೊತ್ತು. ಮಧ್ಯರಾತ್ರಿ ಮೇಲಿನ ರಸದ ಭಾಗಕ್ಕೆ ಹಿರಿಯರು ಬಂದು ಕೂರ್ತಾರೆ. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮೇ ಕೊನೆಗೆ ಗೆಜ್ಜೆ ಬಿಚ್ಚುತ್ತೆ. ಆಮೇಲೆ ಮಳೆಗಾಲ. ಅಡಿಕೆಗೆ ಕೊಳೆ ಔಷಧಿ ಹೊಡೆಯೋಕೆ ಹೋಗ್ತಾನೆ, ಯಾರಾದ್ರೂ ಕರೆದರೆ ಬೆಂಗಳೂರಿಗೋ ಮುಂಬೈಗೋ ಮಳೆಗಾಲದ ಆಟಕ್ಕೆ ಬಂದು ಹೋಗ್ತಾನೆ. ಅವನ ಆಸೆ ಇಷ್ಟೇ: ಒಂದು ಮಳೆಗಾಲ ಪೂರ್ತಿ ಒಬ್ಬ ಹಿರಿಯ ಮದ್ದಳೆಗಾರರ ಮನೆಯಲ್ಲಿದ್ದು ಕಲೀಬೇಕು. ಆ ಐದಾರು ತಿಂಗಳು ಮನೆ ನಡೆಯೋ ಖರ್ಚು, ಗುರುಗಳಿಗೆ ಒಂದಿಷ್ಟು. ದೂರದ ಊರಿನ ಒಂದು ಪ್ರತಿಷ್ಠಾನ ಉದಯೋನ್ಮುಖ ಕಲಾವಿದರಿಗೆ ಅಂತ ಅರ್ಜಿ ಕರೆದಿತ್ತು. ಹೆಸರು ಬೇಡ. ಅರ್ಜಿ ಇಂಗ್ಲಿಷಿನಲ್ಲಿತ್ತು, ಹಾಗಾಗಿ ನನಗೆ ಫೋನ್ ಮಾಡಿದ.

ಮೊದಲ ಪ್ರಶ್ನೆ, ‘ನಿಮ್ಮ ಯೋಜನೆಯಲ್ಲಿ ಹೊಸತೇನು?’ ನಾನು ಅದನ್ನ ಕನ್ನಡದಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಸತು ಎಂತದೂ ಇಲ್ಲ ಮಾರಾಯ. ಹಳೇದೇ ಇನ್ನೂ ಕೈಗೆ ಕೂತಿಲ್ಲ” ಅಂದ.

ಇದಕ್ಕಿಂತ ಒಳ್ಳೇ ಉತ್ತರ ಆ ಪ್ರಶ್ನೆಗೆ ಇರೋಕೆ ಸಾಧ್ಯ ಇಲ್ಲ, ಆದ್ರೆ ಅದನ್ನ ಆ ಕಾಲಮ್ಮಿನಲ್ಲಿ ಬರೆಯೋ ಹಾಗಿರಲಿಲ್ಲ. ಮುಂದಿನ ಪ್ರಶ್ನೆ ಫಲಾನುಭವಿಗಳು ಎಷ್ಟು ಜನ ಅಂತ. “ನಾನೊಬ್ಬನೇ.” ಅದರ ಮುಂದಿನದು ಸಮಾಜದ ಮೇಲೆ ಆಗುವ ಪರಿಣಾಮ. “ಭಾಗವತರಿಗೆ ಸ್ವಲ್ಪ ಆರಾಮಾಗ್ತದೆ, ಪದ್ಯ ಎತ್ತಿದಾಗ ನಾನು ತಡವರಿಸೋದು ಕಮ್ಮಿಯಾದ್ರೆ.” ಮಧ್ಯೆ ನಾನು, ದಾಖಲೀಕರಣ ಅಂತ ಒಂದು ಸಾಲು ಸೇರಿಸಿದ್ರೆ ಇವರಿಗೆ ಇಷ್ಟ ಆಗ್ಬಹುದು, ಗುರುಗಳ ವಿಡಿಯೋ ಮಾಡ್ತೀನಿ ಅಂತ ಬರೆಯೋಣ್ವಾ ಅಂತ ಕೇಳಿದೆ. “ನಾ ಹೋಗೋದು ಕಲಿಯೋಕಾ, ಶೂಟಿಂಗಿಗಾ?” ಅಂದ. ಸರಿ, ಅವನು ಹೇಳಿದ್ದನ್ನೇ ಇಂಗ್ಲಿಷಿಗೆ ಇಳಿಸಿ ಕಳಿಸಿದ್ವಿ. ಎರಡು ತಿಂಗಳಾದ ಮೇಲೆ ಎರಡು ಸಾಲಿನ ಮೇಲ್ ಬಂತು. ಈ ಸಲ ತುಂಬಾ ಒಳ್ಳೇ ಅರ್ಜಿಗಳು ಬಂದಿದ್ದವಂತೆ.

ಬಂದಿರಬಹುದು, ಅನುಮಾನ ಪಡೋಕೆ ನನಗೆ ಕಾರಣ ಇಲ್ಲ. ಆದ್ರೆ ಅರ್ಜಿ ಆರಿಸೋದು ಒಳ್ಳೇ ಅರ್ಜಿಯನ್ನ. ಒಳ್ಳೇ ಮದ್ದಳೆಗಾರ ಒಳ್ಳೇ ಅರ್ಜಿದಾರ ಆಗಿರಬೇಕಾದ ಕಾರಣ ಏನೂ ಇಲ್ಲ. ಇಂಗ್ಲಿಷ್ ಒಂದೇ ಅಡ್ಡಗೋಡೆ ಅಂತ ಅಂದುಕೊಂಡವರು ‘ಕನ್ನಡದಲ್ಲೂ ಅರ್ಜಿ ಹಾಕಬಹುದು’ ಅಂತ ಮಾಡಿ ನಿಶ್ಚಿಂತರಾಗ್ತಾರೆ. ಗೋಡೆ ಪ್ರಶ್ನೆಯೊಳಗೇ ಇದೆ. ‘ಹೊಸತೇನು’ ಅನ್ನೋ ಪ್ರಶ್ನೆಗೆ ಉತ್ತರ ಇರೋದು ಕಲೆಯ ಬಗ್ಗೆ ಹೊರಗಿನಿಂದ ಮಾತಾಡೋಕೆ ಕಲಿತವರ ಹತ್ತಿರ. ನಗರದ ಸಮಕಾಲೀನ ನೃತ್ಯದವರಿಗೆ, ಡ್ರಾಮಾ ಸ್ಕೂಲಿನಿಂದ ಬಂದವರಿಗೆ ಅದು ಅಭ್ಯಾಸ ಇದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಲ್ಲಿ ಹಲವರ ಕೆಲಸ ನೋಡಿ ಖುಷಿಪಟ್ಟವನು ನಾನು. ಆದ್ರೆ ಹತ್ತು ವರ್ಷ ಹಳೆಯದನ್ನೇ ತಿದ್ದಿ ತೀಡಿ, ಹನ್ನೊಂದನೇ ವರ್ಷಕ್ಕೆ ಯಾರಿಗೂ ಕಾಣದಷ್ಟು ಸಣ್ಣ ಬದಲಾವಣೆ ತರೋ ಕಲೆಗಳಿವೆಯಲ್ಲ, ಸಂಗೀತ, ತಾಳವಾದ್ಯ, ಯಕ್ಷಗಾನದ ಹಿಮ್ಮೇಳ, ಅವುಗಳಿಗೆ ಈ ಪ್ರಶ್ನೆಯೇ ತಪ್ಪು.

ಹಾಗಂತ ಯಕ್ಷಗಾನದವರನ್ನ ಕೇಳೋರೇ ಇಲ್ಲ ಅಂತಲ್ಲ. ಕರಾವಳಿಯಲ್ಲಿ ಆ ಲೋಕದೊಳಗಿಂದಲೇ ಹುಟ್ಟಿದ ಸಂಸ್ಥೆಗಳಿವೆ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಇದೆ. ಭಾಗವತರಾದ ಪಟ್ಲ ಸತೀಶ್ ಶೆಟ್ಟರು 2015ರಲ್ಲಿ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಟ್ಟಿದರು. ಕಾಯಿಲೆ ಬಿದ್ದ ಕಲಾವಿದನ ಚಿಕಿತ್ಸೆ, ಸೂರಿಲ್ಲದವನಿಗೆ ಮನೆ, ವಿಮೆ, ಮಕ್ಕಳ ಓದು, ಹೀಗೆ ಇವರು ನೆರವಾಗಿರೋ ಮನೆಗಳು ನೂರಾರು. ಇಲ್ಲಿ ಯಾರೂ ‘ಹೊಸತೇನು’ ಅಂತ ಕೇಳಲ್ಲ. ಒಬ್ಬ ಹಾಡುಗಾರ ತನ್ನ ಜನಪ್ರಿಯತೆಯನ್ನ ತನ್ನ ಜೊತೆಯವರ ಆಸ್ಪತ್ರೆ ಬಿಲ್ಲಾಗಿ ಪರಿವರ್ತಿಸಿದ್ದು ನಮ್ಮ ಕಾಲದ ದೊಡ್ಡ ಸಂಗತಿಗಳಲ್ಲೊಂದು ಅಂತ ನನಗನ್ನಿಸುತ್ತೆ. ಬೆಂಗಳೂರಿನ ಇಂಗ್ಲಿಷ್ ಪೇಪರ್‌ಗಳ ಕಲಾ ಪುಟಕ್ಕೆ ಇದು ಬೀಳೋದು ಅಪರೂಪ, ಇರಲಿ.

ಆದ್ರೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರಿಗೆ ಕಲಾವಿದ ಕಾಣೋದು ಅವನಿಗೆ ಐಡಿಯಾ ಹೊಳೆದಾಗ. ಇನ್ನೊಬ್ಬರಿಗೆ ಹೆಚ್ಚಾಗಿ ಕಾಣೋದು ಅವನ ಕಾಲು ಮುರಿದಾಗ. ಐಡಿಯಾನೂ ಹೊಳೆಯದೆ, ಕಾಲೂ ಮುರಿಯದೆ, ಸುಮ್ಮನೆ ದಿನಾ ನಾಲ್ಕು ಗಂಟೆ ಕೂತು ನುಡಿಸಬೇಕಾದ ಏಳೆಂಟು ವರ್ಷ ಇರುತ್ತಲ್ಲ, ಉದಯೋನ್ಮುಖ ಅಂದ್ರೆ ನಿಜಕ್ಕೂ ಅದೇ ಕಾಲ. ಆ ಕಾಲಕ್ಕೆ ಯಾರ ಹತ್ರಾನೂ ಯೋಜನೆ ಇಲ್ಲ.

ಸರ್ಕಾರದ ಹತ್ರ ಇದೆ ಅಂತ ಯಾರಾದ್ರೂ ಹೇಳಬಹುದು. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಇಡೀ ದೇಶಕ್ಕೆ ಸೇರಿ 400 ಜನಕ್ಕೆ. ಬೆಂಗಳೂರಿನಲ್ಲಿ ಮೂರು ಜನ ಹಂಚಿಕೊಳ್ಳೋ ಪಿಜಿ ರೂಮಿಗೂ 5,000 ಸಾಲಲ್ಲ. ಸಂಗೀತ ನಾಟಕ ಅಕಾಡೆಮಿ 2006ರಲ್ಲಿ 40 ವರ್ಷದೊಳಗಿನವರಿಗೆ ಅಂತ ಶುರು ಮಾಡಿದ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರದ ಮೊತ್ತ 25,000. ಗೌರವ ದೊಡ್ಡದು, ಸರಿ. ನಾನು ಸರ್ಕಾರದ ಬಗ್ಗೆ ಬರೀತಿಲ್ಲ, ಹಾಗಾಗಿ ಇಷ್ಟಕ್ಕೇ ಬಿಡ್ತೀನಿ.

‘ಕಲೆಗೆ ಸ್ವಲ್ಪ ಹಸಿವು ಇರಬೇಕು ರೀ’ ಅನ್ನೋರೂ ಇದ್ದಾರೆ. ಈ ಮಾತನ್ನ ನಾನು ಯಾವಾಗಲೂ ಕೇಳಿರೋದು ಊಟ ಆದವರ ಬಾಯಲ್ಲಿ.

ಕಲಿಯುವ ವರ್ಷಗಳಿಗೆ ಅನ್ನ ಹಾಕೋದು ಹೇಗೆ ಅನ್ನೋದಕ್ಕೆ ಉತ್ತರ ಹುಡುಕೋಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಗದಗಕ್ಕೆ ಹೋದ್ರೆ ಸಾಕು. ಹಾನಗಲ್ ಕುಮಾರಸ್ವಾಮಿಗಳು ಕಣ್ಣಿಲ್ಲದ ಒಬ್ಬ ಹುಡುಗನನ್ನ ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅವರು ಕುರುಡರಿಗೆ, ಬಡ ಮಕ್ಕಳಿಗೆ ಊಟ ವಸತಿ ಕೊಟ್ಟು ಸಂಗೀತ ಕಲಿಸಿದರು, ಅದು ಮುಂದೆ ವೀರೇಶ್ವರ ಪುಣ್ಯಾಶ್ರಮವಾಗಿ ನಿಂತಿತು. ಅಷ್ಟು ಜನರಿಗೆ ಅನ್ನ ಎಲ್ಲಿಂದ ಬರಬೇಕು? ಭಕ್ತರ ಜೋಳಿಗೆ ಒಂದು ದಾರಿ. ಇನ್ನೊಂದು ದಾರಿ ನಾಟಕ ಕಂಪನಿ. ಆಶ್ರಮದ ಕಂಪನಿ ಊರೂರು ಸುತ್ತಿ, ಜಾತ್ರೆಗಳಲ್ಲಿ ಟೆಂಟು ಹಾಕಿ, ಟಿಕೆಟ್ ಮಾರಿ ಬಂದ ದುಡ್ಡು ಆಶ್ರಮಕ್ಕೆ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು ಸ್ವತಃ ನಾಟಕ ಬರೆದರು. 2010ರಲ್ಲಿ ತೀರಿಕೊಳ್ಳೋವರೆಗೆ ಆ ಆಶ್ರಮ ಅವರ ಹೆಗಲ ಮೇಲಿತ್ತು. ಅಂದ್ರೆ ಒಂದು ಕಲೆ ದುಡಿದು ಇನ್ನೊಂದು ಕಲೆಗೆ ಅನ್ನ ಹಾಕಿದ ಲೆಕ್ಕ. ನಾಟಕಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಹೋದ ರೈತನಿಗೆ ತಾನೊಂದು ಹಿಂದೂಸ್ತಾನಿ ಗುರುಕುಲದ ಪೋಷಕ ಅಂತ ಗೊತ್ತಿತ್ತೋ ಇಲ್ವೋ.

ಈ ಪುಣ್ಯಾಶ್ರಮಕ್ಕೆ ಬಳ್ಳಾರಿ ಕಡೆಯ ಲಕ್ಷ್ಮೀಪುರದಿಂದ ಒಬ್ಬ ಹುಡುಗ ಬಂದ. ಅಪ್ಪ ಜಾನಪದ ಹಾಡುಗಾರ, ಸೋದರಮಾವ ಬೆಳಗಲ್ಲು ವೀರಣ್ಣ ರಂಗಭೂಮಿ ಮತ್ತು ತೊಗಲುಗೊಂಬೆಯವರು. ಮಾವನೇ ಕರೆತಂದು ಬಿಟ್ಟರು. ಹುಡುಗ ಹನ್ನೆರಡು ವರ್ಷ ಅಲ್ಲಿದ್ದ. ವೆಂಕಟೇಶ್ ಕುಮಾರ್. ಇವತ್ತು ಅವರ ದನಿ ಕೇಳದ ಸಂಗೀತಪ್ರಿಯರಿಲ್ಲ, 2016ರಲ್ಲಿ ಪದ್ಮಶ್ರೀ ಬಂತು. ಆದ್ರೆ ಹುಟ್ಟಿದ್ದು 1953ರಲ್ಲಿ, ದೇಶದ ದೊಡ್ಡ ವೇದಿಕೆಗಳು ಅವರನ್ನ ಗುರುತಿಸೋ ಹೊತ್ತಿಗೆ ವಯಸ್ಸು ನಲವತ್ತರ ಆಜುಬಾಜು. ಮಧ್ಯದ ವರ್ಷಗಳಲ್ಲಿ ಧಾರವಾಡದ ಸಂಗೀತ ಕಾಲೇಜಿನಲ್ಲಿ ಪಾಠ ಮಾಡ್ತಿದ್ದರು. ಈಗಿನ ಯಾವ ಫೌಂಡೇಶನ್ನಿನ ಉದಯೋನ್ಮುಖರ ಪಟ್ಟಿಯಲ್ಲಿ ಅವರು ಸಿಗ್ತಿದ್ದರು? ಹನ್ನೆರಡನೇ ವಯಸ್ಸಿನಲ್ಲಿ ಅರ್ಜಿ ಹಾಕೋಕಾಗಲ್ಲ, ನಲವತ್ತಕ್ಕೆ ವಯಸ್ಸು ಮೀರಿರುತ್ತೆ. ನಡುವೆ ತೋರಿಸೋಕೆ ‘ಪ್ರಾಜೆಕ್ಟ್’ ಅಂತ ಏನೂ ಇರಲ್ಲ. ಇದ್ದಿದ್ದು ಮೊದಲು ಆಶ್ರಮದ ಊಟ, ಆಮೇಲೆ ಕಾಲೇಜಿನ ಸಂಬಳ. ಅಷ್ಟು ಸಾಕಾಯ್ತು.

ಆಶ್ರಮವನ್ನ ಮಾದರಿ ಮಾಡಿ ಅಂತ ನಾನು ಹೇಳ್ತಿಲ್ಲ. ಅಲ್ಲಿನ ಶಿಸ್ತು, ಗುರುವಿಗೆ ಪೂರ್ತಿ ಒಪ್ಪಿಸಿಕೊಳ್ಳೋ ಕ್ರಮ ಎಲ್ಲರಿಗೂ ಒಗ್ಗಲ್ಲ, ಹೆಣ್ಣುಮಕ್ಕಳಿಗೆ ಅಂಥ ಗುರುಕುಲಗಳ ಬಾಗಿಲು ಎಷ್ಟು ತೆರೆದಿತ್ತು ಅನ್ನೋದೂ ಕೇಳಬೇಕಾದ ಪ್ರಶ್ನೆ. ಇದೇ ಗುರುಕುಲವನ್ನ ಕಂಪನಿಯೊಂದು ಮಾಡಿದ ಉದಾಹರಣೆ ಕೋಲ್ಕತ್ತದಲ್ಲಿದೆ. ಐಟಿಸಿ ಕಂಪನಿ 1970ರ ದಶಕದ ಕೊನೆಗೆ ಸಂಗೀತ್ ರಿಸರ್ಚ್ ಅಕಾಡೆಮಿ ಕಟ್ಟಿತು. ಗುರುಗಳಿಗೆ ಆವರಣದಲ್ಲೇ ಮನೆ, ಆಯ್ದ ಶಿಷ್ಯರಿಗೆ ವರ್ಷಗಟ್ಟಲೆ ಸ್ಕಾಲರ್‌ಶಿಪ್. ರಶೀದ್ ಖಾನ್ ಅಜ್ಜನಂಥ ಗುರು ನಿಸಾರ್ ಹುಸೇನ್ ಖಾನರ ಜೊತೆ ಹುಡುಗನಾಗಿ ಅಲ್ಲಿಗೆ ಹೋದವರು. ಸಿಗರೇಟು ಮಾರಿದ ದುಡ್ಡಿನಲ್ಲಿ ಖಯಾಲ್ ಉಳಿದಿದ್ದನ್ನ ನೆನೆಸಿಕೊಂಡ್ರೆ ನಗುನೂ ಬರುತ್ತೆ, ಒಂಥರಾ ಇರುಸುಮುರುಸೂ ಆಗುತ್ತೆ. ಆದ್ರೆ ನೋಡಿ, ಅಲ್ಲಿ ಅವರು ದುಡ್ಡು ಹಾಕಿದ್ದು ಕಾಲಕ್ಕೆ, ಕಾರ್ಯಕ್ರಮಕ್ಕಲ್ಲ. ನಾಟಕ ಬರೆಯೋರಿಗೂ ಹೀಗೆ ಕಾಲ ಕೊಟ್ಟ ಉದಾಹರಣೆ ಇದೆ. ಗಿರೀಶ್ ಕಾರ್ನಾಡರಿಗೆ 1970ರಿಂದ 72ರವರೆಗೆ ಹೋಮಿ ಭಾಭಾ ಫೆಲೋಶಿಪ್ ಇತ್ತು, ‘ಹಯವದನ’ ಬಂದಿದ್ದು ಅದೇ ಹೊತ್ತಿನಲ್ಲಿ.

ಇನ್ನು ಹೆಗ್ಗೋಡು. ಫೌಂಡೇಶನ್ ದುಡ್ಡಿನ ಬಗ್ಗೆ ನನಗೆ ತುಂಬ ಕುತೂಹಲ ಹುಟ್ಟಿಸಿದ ಕಥೆ ಅಲ್ಲಿದೆ. 1949ರಲ್ಲಿ ಶುರುವಾದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1983ರಿಂದ 85ರವರೆಗೆ ಫೋರ್ಡ್ ಫೌಂಡೇಶನ್ ನೆರವಿನಿಂದ ‘ಜನಸ್ಪಂದನ’ ಅಂತ ಒಂದು ಯೋಜನೆ ನಡೆಸಿದರು. ಹಳ್ಳಿ ಹಳ್ಳಿಗಳಲ್ಲಿ ನಾಟಕ ಶಿಬಿರ, ಸಿನಿಮಾ ರಸಗ್ರಹಣ. ಯೋಜನೆ ಮುಗೀತು, ದುಡ್ಡೂ ಮುಗೀತು. ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಯುತ್ತೆ. ಒಂದು ವರದಿ, ಒಂದಷ್ಟು ಫೋಟೋ, ಮುಂದಿನ ಅನುದಾನಕ್ಕೆ ಇನ್ನೊಂದು ಅರ್ಜಿ. ಆದ್ರೆ ಅದೇ 1985ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತವರ ಜೊತೆಯವರು ‘ತಿರುಗಾಟ’ ಶುರು ಮಾಡಿದರು. ಡ್ರಾಮಾ ಸ್ಕೂಲಿನಿಂದ ಹೊರಬಿದ್ದ ಹುಡುಗ ಹುಡುಗಿಯರನ್ನ ಸೇರಿಸಿ ತಂಡ ಕಟ್ಟೋದು, ಅವರಿಗೆ ತಿಂಗಳ ಸಂಬಳ ಕೊಡೋದು, ನಾಟಕ ತಯಾರಿಸಿ ವರ್ಷಕ್ಕೆ ನೂರಕ್ಕೂ ಹೆಚ್ಚು ಪ್ರದರ್ಶನ ಕೊಡ್ತಾ ಕರ್ನಾಟಕ ಸುತ್ತೋದು. ಪ್ರದರ್ಶನದ ದುಡ್ಡು ಆಯಾ ಊರಿನವರದು. ಎಲ್ಲೋ ಒಂದು ಕಾಲೇಜು, ಎಲ್ಲೋ ಯುವಕ ಸಂಘ, ಇನ್ನೆಲ್ಲೋ ನಾಲ್ಕು ಜನ ಮೇಷ್ಟ್ರುಗಳು ಸೇರಿ ಟಿಕೆಟ್ ಹಂಚಿ, ನಟರಿಗೆ ಊಟ ವಸತಿ ನೋಡಿಕೊಂಡು ಆಟ ಆಡಿಸ್ತಾರೆ. ಪಿಯುಸಿಯಲ್ಲಿದ್ದಾಗ ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ಈ ಟಿಕೆಟ್ಟಿನ ಕಟ್ಟು ಹಿಡಿದು ಅಂಗಡಿ ಅಂಗಡಿ ತಿರುಗೋದನ್ನ ನೋಡಿದ್ದೀನಿ. ಶೇಕ್ಸ್‌ಪಿಯರ್‌ನ ನಾಟಕಕ್ಕೆ ಗೊಬ್ಬರದ ಅಂಗಡಿಯವರು ಎರಡು ಟಿಕೆಟ್ ತಗೊಂಡಿದ್ದರು.

ವಿದೇಶಿ ಫೌಂಡೇಶನ್ನಿನ ದುಡ್ಡು ಮಾಡಬಹುದಾದ ಅತಿ ಒಳ್ಳೇ ಕೆಲಸ ಇದು ಅನ್ನಿಸುತ್ತೆ ನನಗೆ. ಅದು ನೋಡುವವರನ್ನ ತಯಾರು ಮಾಡೋಕೆ ಖರ್ಚಾಯ್ತು, ಆಮೇಲೆ ಆ ನೋಡುವವರೇ ಹೊಸ ನಟರ ಸಂಬಳ ಕೊಟ್ಟರು. ತಿರುಗಾಟದಲ್ಲಿ ಒಬ್ಬ ನಟನಿಗೆ ಒಂದೇ ಸೀಸನ್ನಿನಲ್ಲಿ ಅದೇ ಪಾತ್ರವನ್ನ ಮತ್ತೆ ಮತ್ತೆ ಹತ್ತಾರು ಊರುಗಳಲ್ಲಿ ಮಾಡೋಕೆ ಸಿಗುತ್ತೆ. ಬೆಂಗಳೂರಿನ ಹವ್ಯಾಸಿ ತಂಡದ ನಟ ಮೂರು ತಿಂಗಳು ತಾಲೀಮು ಮಾಡಿ ನಾಲ್ಕು ಶೋ ಮಾಡ್ತಾನೆ, ಐದನೆಯದಕ್ಕೆ ಜನ ಇರಲ್ಲ. ಯಾರು ಬೇಗ ಪಳಗ್ತಾರೆ ಹೇಳಿ.

ತಿರುಗಾಟದ ಕೊರತೆಯೂ ಕಣ್ಣಿಗೆ ಕಾಣೋ ಹಾಗಿದೆ. ಅದು ಒಂದು ವರ್ಷದ ಕೆಲಸ. ತಿರುಗಾಟ ಮುಗಿದ ಮೇಲೆ ಬಸ್ಸು ಹತ್ತಿ ಬೆಂಗಳೂರಿಗೆ ಬಂದು ಸೀರಿಯಲ್ಲಿನಲ್ಲಿ ಅಣ್ಣನೋ ಡ್ರೈವರೋ ಆಗೋರು, ಶಾಲೆಗಳಲ್ಲಿ ಬೇಸಿಗೆ ಶಿಬಿರ ಮಾಡೋರು ಎಷ್ಟು ಜನ ಇಲ್ಲ? ಇನ್ನೊಂದು ತುದಿ ಮೈಸೂರಿನ ರಂಗಾಯಣ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು, ಸರ್ಕಾರದ್ದು. ಮೊದಲ ತಂಡದ ಹಲವರು ನಿವೃತ್ತಿಯ ವಯಸ್ಸಿನವರೆಗೂ ಅಲ್ಲೇ ದುಡಿದರು. ಅವರಿಂದ ದೊಡ್ಡ ನಾಟಕಗಳು ಬಂದವು, ನಿಜ. ಆದ್ರೆ ಖಾಯಂ ಆದವರು ಕೂತ ಕುರ್ಚಿ ಹೊಸಬರಿಗೆ ಖಾಲಿ ಆಗೋದು ಯಾವಾಗ? ಒಂದು ವರ್ಷ ಕಮ್ಮಿ, ಮೂವತ್ತು ವರ್ಷ ಜಾಸ್ತಿ. ಐದೋ ಆರೋ ವರ್ಷ ಕೊಡೋ ವ್ಯವಸ್ಥೆ ನಮ್ಮಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮಧ್ಯದಲ್ಲಿ ರಂಗಶಂಕರದಂಥದ್ದು ಬೇರೆ ದಾರಿ ಹಿಡಿಯಿತು. 2004ರಿಂದ ಇದೆ, ವ್ಯಕ್ತಿಗೆ ದುಡ್ಡು ಕೊಡೋ ಬದಲು ವೇದಿಕೆಯನ್ನ ಸುಸ್ಥಿತಿಯಲ್ಲಿಟ್ಟು, ದಿನಾ ನಾಟಕ ಇರೋ ಹಾಗೆ ನೋಡಿಕೊಂಡು, ತಂಡಗಳಿಗೆ ಕೈಗೆಟಕೋ ಬಾಡಿಗೆಗೆ ಕೊಡ್ತಾರೆ. ಅಲ್ಲಿಗೆ ಬಂದು ಬಾಗಿಲು ಹಾಕೋಕೆ ಮುಂಚೆ ಓಡಿ ಸೀಟು ಹಿಡಿಯೋ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ನಟನ ಮನೆ ಬಾಡಿಗೆ ಮಾತ್ರ ಅವನದೇ ತಲೆನೋವು.

ಈಗ ನಮ್ಮ ಪಾಲಿಗೆ ಬರೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ಲಾಭ ಇರೋ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ನ್ನ ಸಿಎಸ್ಆರ್‌ಗೆ ಇಡಬೇಕು. ನಾವು ಕೆಲಸ ಮಾಡೋ ಕಂಪನಿಗಳಲ್ಲಿ ಬಹುಪಾಲು ಇದರೊಳಗೆ ಬರುತ್ವೆ. ಯಾವುದಕ್ಕೆ ಖರ್ಚು ಮಾಡಬಹುದು ಅನ್ನೋ ಪಟ್ಟಿ ಏಳನೇ ಷೆಡ್ಯೂಲಿನಲ್ಲಿದೆ. ಅದರಲ್ಲಿ ಕಲೆ ಸಂಸ್ಕೃತಿಯ ಸಂರಕ್ಷಣೆ ಇದೆ, ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ ಇದೆ, ಸಾರ್ವಜನಿಕ ಗ್ರಂಥಾಲಯ ಇದೆ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲದ ಅಭಿವೃದ್ಧಿ ಇದೆ. ಭಾಷೆ ನೋಡಿ. ಉಳಿಸಬೇಕಾದ ವಸ್ತು ಕಾಣುತ್ತೆ, ದುಡಿಯೋ ಮನುಷ್ಯ ಕಾಣಲ್ಲ. ಮೇಲಾಗಿ ಕಂಪನಿ ಬೇರೆಯವರ ಮೂಲಕ ಕೆಲಸ ಮಾಡಿಸೋದಾದ್ರೆ ಆ ಸಂಸ್ಥೆ 12ಎ, 80ಜಿ ನೋಂದಣಿ ಮಾಡಿಸಿರಬೇಕು, 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ಫಾರ್ಮ್ ಬೇರೆ. ಹಳ್ಳಿಯ ಕಲಾಸಂಘದ ಕಾರ್ಯದರ್ಶಿ ಬಹಳ ಸಲ ಸೊಸೈಟಿಯ ಗುಮಾಸ್ತ ಆಗಿರ್ತಾನೆ, ಇದನ್ನೆಲ್ಲ ಅವನು ಯಾವಾಗ ಮಾಡಿಸಬೇಕು? ಹಾಗಾಗಿ ದುಡ್ಡು ಆಗಲೇ ಕಾಗದಪತ್ರ ಸರಿ ಇರೋ, ಆಗಲೇ ದೊಡ್ಡದಾಗಿರೋ ಸಂಸ್ಥೆಗೆ ಹೋಗುತ್ತೆ. ಹೋದ ಮೇಲೂ ಉತ್ಸವ ಆಗುತ್ತೆ. ಉತ್ಸವಕ್ಕೆ ಬ್ಯಾನರ್ ಇರುತ್ತೆ, ಬ್ಯಾನರ್ ಮೇಲೆ ಲೋಗೋ ಇರುತ್ತೆ, ವಾರ್ಷಿಕ ವರದಿಯಲ್ಲಿ ಹಾಕೋಕೆ ಫೋಟೋ ಚೆನ್ನಾಗಿ ಬರುತ್ತೆ. ಮಳೆಗಾಲದಲ್ಲಿ ಗುರುಗಳ ಮನೆ ಜಗುಲಿ ಮೇಲೆ ಕೂತು ಅದೇ ಮುಕ್ತಾಯವನ್ನ ಇನ್ನೂರು ಸಲ ನುಡಿಸೋ ಹುಡುಗನ ಫೋಟೋ ಅಷ್ಟು ಚೆನ್ನಾಗಿ ಬರಲ್ಲ.

ಉತ್ಸವ ಬೇಡ ಅಂತಲ್ಲ. ಉತ್ಸವದ ಬಜೆಟ್ಟಿನಲ್ಲಿ ಪೆಂಡಾಲಿಗೆ, ಸೌಂಡಿಗೆ, ಎಲ್ಇಡಿ ಪರದೆಗೆ, ಆ್ಯಂಕರ್‌ಗೆ ಹೋಗೋದೆಷ್ಟು, ಉದಯೋನ್ಮುಖರ ಕೈಗೆ ಬರೋದೆಷ್ಟು ಅಂತ ಆ ವರದಿಯಲ್ಲೇ ಒಂದು ಸಾಲು ಹಾಕಿದ್ರೆ ಸಾಕು. ಸೌಂಡಿನವನಿಗೆ ಅಡ್ವಾನ್ಸ್ ಕೊಡದೆ ಯಾರೂ ಕರೆಯಲ್ಲ. ಅವನು ಬರೋದೂ ಇಲ್ಲ.

ಹೋದ ತಿಂಗಳು ನಮ್ಮ ಆಫೀಸಿನ ಸಿಎಸ್ಆರ್ ಟೀಮಿನವರು ಉದ್ಯೋಗಿಗಳಿಂದ ಸಲಹೆ ಕೇಳಿದ್ದರು. ನಾನು ಒಂದು ಪುಟ ಬರೆದು ಕೊಟ್ಟೆ. ಹಿಮ್ಮೇಳದ ಐದು ಜನ ಹುಡುಗರು, ಜೂನ್‌ನಿಂದ ನವೆಂಬರ್‌ವರೆಗೆ ಆರು ತಿಂಗಳು, ತಿಂಗಳಿಗೆ ತಲಾ 15,000. ಒಟ್ಟು ನಾಲ್ಕೂವರೆ ಲಕ್ಷ. ಗುರುಗಳ ಗೌರವಧನಕ್ಕೆ ಇನ್ನೊಂದು ಲಕ್ಷ ಇಟ್ಕೊಳ್ಳಿ. ದುಡ್ಡು ನೋಂದಣಿ ಇರೋ ಯಾವುದಾದ್ರೂ ಯಕ್ಷಗಾನ ಸಂಸ್ಥೆಯ ಮೂಲಕ ಹೋಗಲಿ. ಐದು ವರ್ಷ ಅದೇ ಹುಡುಗರಿಗೆ ಕೊಡಿ, ಪ್ರತಿ ವರ್ಷ ಹೊಸ ಮುಖ ಹುಡುಕಬೇಡಿ. ಬ್ಯಾನರ್ ಬೇಡ. ಟೀಮಿನ ಹುಡುಗಿ ಒಳ್ಳೆಯವಳು, ಪೂರ್ತಿ ಓದಿ ಮೀಟಿಂಗಿಗೆ ಕರೆದಳು. “ಸರ್, ಐಡಿಯಾ ಚೆನ್ನಾಗಿದೆ. ಆದ್ರೆ ಮೊದಲ ವರ್ಷದ ಕೊನೆಗೆ ನಾವು ಏನು ತೋರಿಸೋಣ?”

ನವೆಂಬರ್‌ನಲ್ಲಿ ಮೇಳ ಹೊರಟ ಮೇಲೆ ಒಂದು ರಾತ್ರಿ ಆಟಕ್ಕೆ ಬನ್ನಿ, ರಾತ್ರಿಯ ಮೊದಲ ಪಾಲಿನಲ್ಲಿ ಕೂತು ಮದ್ದಳೆ ಕೇಳಿ ಅಂದೆ. ಕ್ಯಾಲೆಂಡರ್ ನೋಡಿ ಹೇಳ್ತೀನಿ ಅಂದಿದ್ದಾಳೆ.